ಹಿತೋಪದೇಶ ಮತ್ತು ಮಿಥ್ಯೋಪದೇಶ: 1865ರ ಮುಂಬಯಿ ಷೇರುಪೇಟೆ ಕಲಿಸಿದ ಪಾಠ

ಪರರಿಗೆ ಹಣ ಕೊಡುವಾಗ ವ್ಯಾಪಾರಿಯು ಎಣಿಸಿ ಕೊಡುತ್ತಾನೆ. ಕೊಟ್ಟದ್ದನ್ನು ಖಾತೆಗೆ ಬರೆದು, ಬಡ್ಡಿಯನ್ನೂ ವಾಯಿದೆಯನ್ನೂ ನಿಶ್ಚಯಿಸಿಕೊಳ್ಳುತ್ತಾನೆ. ಆದರೆ ಅದೇ ವ್ಯಾಪಾರಿಯು ಸಲಹೆ ಕೊಡುವಾಗ ಇಂತಹ ಯಾವ ಎಚ್ಚರವನ್ನೂ ವಹಿಸುವುದಿಲ್ಲ. "ಈ ಷೇರನ್ನು ಕೊಂಡಿಡಿ, ವರ್ಷದೊಳಗೆ ಇಮ್ಮಡಿಯಾಗುತ್ತದೆ" ಎಂಬ ಮಾತು ಮದುವೆಯ ಪಂಕ್ತಿಯಲ್ಲಿ, ಬಸದಿಯ ಜಗಲಿಯಲ್ಲಿ, ರೈಲು ಪ್ರಯಾಣದಲ್ಲಿ ಸಲೀಸಾಗಿ ಹೊರಬೀಳುತ್ತದೆ. ಕೇಳಿದವನು ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಆ ಮಾತಿನ ಮೇಲೆ ಹೂಡುತ್ತಾನೆ. ಮಾತು ಫಲಿಸಿದರೆ ಕೀರ್ತಿ ಹೇಳಿದವನಿಗೆ. ಫಲಿಸದಿದ್ದರೆ ನಷ್ಟ ಕೇಳಿದವನಿಗೆ. ಹೇಳಿದವನು ಆ ವೇಳೆಗೆ ತನ್ನ ಮಾತನ್ನೇ ಮರೆತಿರುತ್ತಾನೆ.

ಹಣದ ವಿಷಯದಲ್ಲಿ ಸಲಹೆ ಕೊಡುವವನ ಹೊಣೆ ಎಷ್ಟರಮಟ್ಟಿನದು? ಅವನು ಪ್ರಾಮಾಣಿಕನಾಗಿದ್ದರೆ ಸಾಕೆ? ತಾನು ನಂಬಿದ್ದನ್ನೇ ಹೇಳಿದನೆಂಬ ಕಾರಣದಿಂದ ಅವನು ನಿರ್ದೋಷಿಯೆ? ಈ ಪ್ರಶ್ನೆಗಳನ್ನು ನಮ್ಮ ಆಚಾರ್ಯರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ವಿಚಾರಿಸಿದ್ದಾರೆ. ನಮ್ಮ ದೇಶದ ಷೇರುಪೇಟೆಯ ಇತಿಹಾಸದ ಮೊದಲ ದೊಡ್ಡ ಅಧ್ಯಾಯವು ಅವರ ವಿಚಾರಕ್ಕೆ ನಿದರ್ಶನವಾಗಿ ನಿಂತಿದೆ. ಆ ಅಧ್ಯಾಯದ ಮುಖ್ಯ ಪುರುಷನು ಜೈನ ಶ್ರಾವಕನೇ ಆಗಿದ್ದುದರಿಂದ ಅದನ್ನು ಅವಲೋಕಿಸುವುದು ನಮಗೆ ಇನ್ನಷ್ಟು ಅಗತ್ಯವಾಗಿದೆ.

ಶಾಸ್ತ್ರದಲ್ಲಿ ಸಲಹೆಯ ಸ್ಥಾನ

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ವ್ರತಗಳೂ ಅವುಗಳ ಅತಿಚಾರಗಳೂ ನಿರೂಪಿತವಾಗಿವೆ. ಸತ್ಯಾಣುವ್ರತಕ್ಕೆ ಐದು ಅತಿಚಾರಗಳು. ಸುಳ್ಳು ಪತ್ರ ಬರೆಯುವುದು ಕೂಟಲೇಖಕ್ರಿಯೆ. ಇನ್ನೊಬ್ಬರು ಇಟ್ಟ ಠೇವಣಿಯನ್ನು ನುಂಗುವುದು ನ್ಯಾಸಾಪಹಾರ. ಇವೆರಡೂ ವ್ಯಾಪಾರಿಗೆ ಚಿರಪರಿಚಿತವಾದ ದೋಷಗಳು. ಇವುಗಳನ್ನು ಮಾಡಿದವನನ್ನು ಪೇಟೆಯೂ ಕ್ಷಮಿಸುವುದಿಲ್ಲ, ನ್ಯಾಯಾಲಯವೂ ಕ್ಷಮಿಸುವುದಿಲ್ಲ. ಪರರ ಗುಟ್ಟನ್ನು ಹೊರಹಾಕುವ ರಹೋಭ್ಯಾಖ್ಯಾನ ಹಾಗೂ ಸಾಕಾರಮಂತ್ರಭೇದಗಳು ಇನ್ನೆರಡು. ಆದರೆ ಈ ಐದರಲ್ಲಿ ಮೊಟ್ಟಮೊದಲು ಹೆಸರಿಸಿರುವುದು ಮಿಥ್ಯೋಪದೇಶವನ್ನು, ಎಂದರೆ ತಪ್ಪು ಸಲಹೆಯನ್ನು.

ಮಿಥ್ಯೋಪದೇಶವೆಂದರೆ ಧರ್ಮದ ವಿಷಯದಲ್ಲಿ ದಾರಿ ತಪ್ಪಿಸುವುದು ಮಾತ್ರವೆಂದು ಹಲವರ ಭಾವನೆ. ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ನಿಃಶ್ರೇಯಸದೊಂದಿಗೆ ಅಭ್ಯುದಯವನ್ನೂ ಸೇರಿಸಿದ್ದಾರೆ. ಅಭ್ಯುದಯವೆಂದರೆ ಈ ಲೋಕದ ಏಳಿಗೆ. ಆದುದರಿಂದ ಹಣಕಾಸಿನ ಸಲಹೆಯೂ ಈ ವ್ಯಾಪ್ತಿಯೊಳಗೆ ಬರುತ್ತದೆಂದು ತಿಳಿಯಲು ಅಡ್ಡಿಯಿಲ್ಲ. ಇನ್ನೂ ಗಮನಾರ್ಹವಾದ ಸಂಗತಿಯೊಂದಿದೆ. ಆಚಾರ್ಯರು ಅಲ್ಲಿ ಎರಡು ಪ್ರಕಾರಗಳನ್ನು ಬೇರೆಬೇರೆಯಾಗಿ ಹೇಳುತ್ತಾರೆ: ಇನ್ನೊಬ್ಬನನ್ನು ತಪ್ಪು ದಾರಿಯಲ್ಲಿ ಪ್ರವರ್ತಿಸುವಂತೆ ಮಾಡುವುದು ಒಂದು, ವಂಚಿಸುವುದು ಇನ್ನೊಂದು. ವಂಚನೆಯ ಉದ್ದೇಶವಿದ್ದರೆ ಮಾತ್ರ ದೋಷವೆಂದಿದ್ದಲ್ಲಿ ಮೊದಲನೆಯದನ್ನು ಪ್ರತ್ಯೇಕವಾಗಿ ಹೇಳಬೇಕಾಗಿರಲಿಲ್ಲ. ಮೋಸದ ಬುದ್ಧಿಯಿಲ್ಲದೆ, ಕೇವಲ ಅಜಾಗರೂಕತೆಯಿಂದ ಪರರನ್ನು ತಪ್ಪು ದಾರಿಗೆ ಹಚ್ಚಿದರೂ ವ್ರತಕ್ಕೆ ಕುಂದು ಬರುತ್ತದೆ ಎಂಬುದೇ ಇದರ ತಾತ್ಪರ್ಯವೆಂದು ನನಗೆ ತೋರುತ್ತದೆ. ಪ್ರಾಮಾಣಿಕನ ಸಲಹೆಯೂ ಮಿಥ್ಯೋಪದೇಶವಾಗಬಹುದು. ಹೇಗೆಂಬುದನ್ನು ಮುಂಬಯಿಯ ಇತಿಹಾಸದಲ್ಲಿ ನೋಡೋಣ.

ಹತ್ತಿಯಿಂದ ಬಂದ ಸಂಪತ್ತು

1861ರ ಏಪ್ರಿಲಿನಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಆರಂಭವಾಯಿತು. ಉತ್ತರದ ನೌಕಾಬಲವು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಗಿರಣಿಗಳು ದಕ್ಷಿಣ ಅಮೆರಿಕನ್ ರಾಜ್ಯಗಳ ಹತ್ತಿಯನ್ನೇ ನೆಚ್ಚಿದ್ದವು; ಆ ಹತ್ತಿ ನಿಂತುಹೋದಾಗ ಅವುಗಳ ದೃಷ್ಟಿ ಭಾರತದ ಮೇಲೆ ಬಿದ್ದಿತು. ಗುಜರಾತ, ಖಾನದೇಶ, ವರ್ಹಾಡಗಳ ಹತ್ತಿಯೊಂದಿಗೆ ನಮ್ಮ ಧಾರವಾಡ ಸೀಮೆಯ ಹತ್ತಿಗೂ ಹಿಂದೆಂದೂ ಕಾಣದ ಬೆಲೆ ಬಂದಿತು. ಆಗ ಹುಬ್ಬಳ್ಳಿಗೆ ರೈಲು ಬಂದಿರಲಿಲ್ಲ. ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದ ಹತ್ತಿಯು ಕುಮಟಾ ಬಂದರಿನಿಂದ ಹಡಗನ್ನೇರುತ್ತಿತ್ತು. ಧಾರವಾಡದ ಹೊಲಗಳಲ್ಲಿ ಬೆಳೆದ ದೇಶೀ ಹತ್ತಿಗೆ ಪರದೇಶದ ಪೇಟೆಯಲ್ಲಿ 'ಕುಮಟಾ' ಎಂಬ ಹೆಸರೇ ನಿಂತದ್ದು ಈ ಕಾರಣದಿಂದ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆಯೂ ಹತ್ತಿಯ ಬಂದರಿನ ಲೆಕ್ಕಾಚಾರವಿದ್ದಿತು.

ಈ ಎಲ್ಲ ಹತ್ತಿಯ ಹಣ ಮುಂಬಯಿಯಲ್ಲಿ ಸಂಗಮಿಸಿತು. ಯುದ್ಧದ ವರ್ಷಗಳಲ್ಲಿ, ಸಾಮಾನ್ಯ ಬೆಲೆಗಿಂತ ಹೆಚ್ಚಾಗಿ ಬಂದ ಹಣವೇ ಸುಮಾರು 8 ಕೋಟಿ ಪೌಂಡು ಎಂದು ಆ ನಗರದ ಇತಿಹಾಸಕಾರರು ಅಂದಾಜಿಸುತ್ತಾರೆ. ಬಂದ ಹಣಕ್ಕೆ ಹೂಡಿಕೆಯ ಮಾರ್ಗ ಬೇಕಾಯಿತು. ಹೊಸ ಬ್ಯಾಂಕುಗಳು, ಹಣಕಾಸು ಸಂಸ್ಥೆಗಳು, ಭೂಮಿ ಕಂಪನಿಗಳು ಅಣಬೆಗಳಂತೆ ಎದ್ದವು. 1865ರ ಆರಂಭದ ವೇಳೆಗೆ ಮುಂಬಯಿಯೊಂದರಲ್ಲೇ 31 ಬ್ಯಾಂಕುಗಳೂ 16 ಹಣಕಾಸು ಸಂಸ್ಥೆಗಳೂ 8 ಭೂಮಿ ಕಂಪನಿಗಳೂ ಇದ್ದವು.

ಇವುಗಳಲ್ಲಿ ಅತ್ಯಂತ ಹೆಸರುವಾಸಿಯಾದುದು ಬ್ಯಾಕ್ ಬೇ ಕಂಪನಿ. ಮುಂಬಯಿಯ ಪಶ್ಚಿಮ ದಂಡೆಯ ಆಳವಿಲ್ಲದ ಸಮುದ್ರವನ್ನು ತುಂಬಿ ನೆಲವನ್ನಾಗಿ ಮಾಡುವುದು ಅದರ ಯೋಜನೆ. 5,000 ರೂಪಾಯಿ ಪಾವತಿಸಿದ ಷೇರೊಂದು ಪೇಟೆಯಲ್ಲಿ 50,000 ರೂಪಾಯಿಗಳವರೆಗೆ ಏರಿತು. ಮುಂಬಯಿ ಸರ್ಕಾರವೇ ಮೊದಲು ಇದರಲ್ಲಿ ಪಾಲು ಕೊಳ್ಳಲು ಮುಂದಾಗಿ, ಮೇಲಿನ ಭಾರತ ಸರ್ಕಾರದ ನಿರಾಕರಣೆಯಿಂದ ಹಿಂದೆಗೆಯಿತು. ಸರ್ಕಾರವೇ ಕೊಳ್ಳಲು ಬಯಸಿದ ಷೇರು ಎಂಬ ಮಾತು ಮಾತ್ರ ಜನರ ಮನಸ್ಸಿನಲ್ಲಿ ಉಳಿಯಿತು. ಸಮುದ್ರದಿಂದ ಎಷ್ಟು ಎಕರೆ ನೆಲ ಏಳುವುದು, ಅದಕ್ಕೆ ಎಷ್ಟು ವರ್ಷ ಹಿಡಿಯುವುದು, ಎದ್ದ ನೆಲವನ್ನು ಕೊಳ್ಳುವವರು ಯಾರು ಎಂದು ಕೇಳಿದವರು ವಿರಳ.

ಪ್ರೇಮಚಂದ ರಾಯಚಂದರ ಮಾತು

ಈ ಕಾಲದ ಮುಂಬಯಿಯಲ್ಲಿ ಎಲ್ಲರೂ ಕಿವಿಗೊಡುತ್ತಿದ್ದ ಒಬ್ಬ ವ್ಯಕ್ತಿಯಿದ್ದರು. ಅವರು ಸೇಠ್ ಪ್ರೇಮಚಂದ ರಾಯಚಂದರು. 1831ರಲ್ಲಿ ಸೂರತಿನ ಜೈನ ಮನೆತನದಲ್ಲಿ ಜನಿಸಿ, ಮುಂಬಯಿಗೆ ಬಂದು, ದಲ್ಲಾಳಿಯಾಗಿ ವೃತ್ತಿ ಆರಂಭಿಸಿದವರು. ಇಂಗ್ಲಿಷನ್ನು ಓದಬಲ್ಲ, ಬರೆಯಬಲ್ಲ ಮೊದಲ ದೇಶೀ ಷೇರು ದಲ್ಲಾಳಿ ಅವರೆಂದು ಹೇಳಲಾಗುತ್ತದೆ. ಮೂವತ್ತರ ಹರೆಯ ದಾಟುತ್ತಿದ್ದಂತೆಯೇ ಅವರ ಮಾತಿಲ್ಲದೆ ಮುಂಬಯಿಯಲ್ಲಿ ಯಾವ ದೊಡ್ಡ ಕಂಪನಿಯೂ ಹುಟ್ಟದೆಂಬ ಸ್ಥಿತಿ ಉಂಟಾಯಿತು. ಹೊಸ ಷೇರಿನ ಹಂಚಿಕೆಗಾಗಿ ಅವರ ಮನೆಯ ಬಾಗಿಲಲ್ಲಿ ಜನ ಕಾದು ನಿಲ್ಲುತ್ತಿದ್ದರು. ಆಗ ಇಪ್ಪತ್ತರ ಆಸುಪಾಸಿನ ಯುವಕರಾಗಿದ್ದು ಇದನ್ನೆಲ್ಲ ಪ್ರತ್ಯಕ್ಷವಾಗಿ ಕಂಡ ದಿನಶಾ ವಾಚ್ಛಾ ಅವರು 1910ರಲ್ಲಿ ಈ ಆರ್ಥಿಕ ಅಧ್ಯಾಯವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು.

ಪ್ರೇಮಚಂದರ ಮಾತಿಗೆ ಸಾಮಾನ್ಯ ಜನರು ಮಾತ್ರ ಮರುಳಾಗಿರಲಿಲ್ಲ. 1840ರಲ್ಲಿ ಸ್ಥಾಪಿತವಾಗಿ, ಸರ್ಕಾರವೂ ಪಾಲುದಾರನಾಗಿದ್ದ ಬ್ಯಾಂಕ್ ಆಫ್ ಬಾಂಬೆಗೆ 1863ರ ಕಾಯಿದೆಯು ಷೇರುಗಳ ಆಧಾರದ ಮೇಲೆ ಸಾಲ ಕೊಡುವ ಸ್ವಾತಂತ್ರ್ಯವನ್ನು ವಿಸ್ತರಿಸಿತು. ಆನಂತರ ಪ್ರೇಮಚಂದರು ಶಿಫಾರಸು ಮಾಡಿದವರಿಗೆ ಅಲ್ಲಿ ಸಾಲ ಸಲೀಸಾಗಿ ದೊರೆಯಲಾರಂಭಿಸಿತು. ಸಾಲಗಾರನ ಆಸ್ತಿ ಎಷ್ಟು, ಒತ್ತೆಯಿಟ್ಟ ಷೇರಿನ ನಿಜವಾದ ಮೌಲ್ಯ ಎಷ್ಟು ಎಂದು ವಿಚಾರಿಸಬೇಕಾದ ಕಾರ್ಯದರ್ಶಿಗಳೂ ನಿರ್ದೇಶಕರೂ ಒಬ್ಬ ಮನುಷ್ಯನ ಮಾತನ್ನೇ ವಿಚಾರಣೆಯ ಸ್ಥಾನದಲ್ಲಿ ಕೂರಿಸಿದರು. ಅದೇ ಪ್ರೇಮಚಂದರು ಆ ಕಂಪನಿಗಳ ಪ್ರವರ್ತಕರೂ ಹೌದು, ಆ ಬ್ಯಾಂಕಿನ ಸಾಲಗಾರರೂ ಹೌದು ಎಂಬುದು ಯಾರಿಗೂ ಅಡ್ಡಿಯಾಗಿ ಕಾಣಲಿಲ್ಲ.

ಇಲ್ಲಿ ಒಂದು ಮಾತನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಪ್ರೇಮಚಂದರು ಜನರಿಗೆ ಹೇಳಿದ್ದನ್ನು ತಾವೂ ನಂಬಿದ್ದರೆಂಬುದಕ್ಕೆ ಅವರ ಸ್ವಂತ ಸಂಪತ್ತೇ ಸಾಕ್ಷಿ. ಕುಸಿತ ಬಂದಾಗ ಅವರೂ ಉಳಿದವರೊಡನೆ ಮುಳುಗಿದರು. ತಾನು ಮೊದಲೇ ಮಾರಿ ಪಾರಾಗಿ, ಪರರನ್ನು ಬಲೆಗೆ ಕೆಡವುವ ಧೂರ್ತರ ಸಾಲಿಗೆ ಅವರನ್ನು ಸೇರಿಸಲಾಗದು. ಈ ಇತಿಹಾಸವು ನಮಗೆ ಬೋಧಪ್ರದವಾಗಿರುವುದು ಈ ಕಾರಣದಿಂದಲೇ. ಧೂರ್ತನಿಂದ ದೂರವಿರುವುದನ್ನು ಜನರು ಹೇಗಾದರೂ ಕಲಿತಾರು. ಯಶಸ್ವಿಯೂ ಉದಾರಿಯೂ ಆತ್ಮವಿಶ್ವಾಸಿಯೂ ಆದ ಸಜ್ಜನನ ತಪ್ಪು ಸಲಹೆಯಿಂದ ದೂರವಿರುವುದು ಅದಕ್ಕಿಂತ ಕಷ್ಟ.

1865ರ ಜುಲೈ 1

1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದನು. ಆ ಸುದ್ದಿ ಮುಂಬಯಿಯನ್ನು ತಲುಪಿದಾಗ ಹತ್ತಿಯ ಬೆಲೆ ಇಳಿಮುಖವಾಯಿತು. ಹತ್ತಿಯ ಬೆಲೆಯನ್ನು ಆಧರಿಸಿ ನಿಂತಿದ್ದ ಷೇರುಗಳೂ, ಷೇರುಗಳನ್ನು ಆಧರಿಸಿ ಕೊಟ್ಟಿದ್ದ ಸಾಲಗಳೂ ಒಂದರ ಹಿಂದೊಂದು ಕುಸಿಯತೊಡಗಿದವು. ಜುಲೈ 1ನೆಯ ತಾರೀಖು ನೂರಾರು ವಾಯಿದೆ ಒಪ್ಪಂದಗಳು ತೀರಬೇಕಾದ ದಿನ. ಕೊಳ್ಳುತ್ತೇನೆಂದವನಲ್ಲಿ ಹಣವಿರಲಿಲ್ಲ, ಮಾರುತ್ತೇನೆಂದವನಿಗೆ ಸಾಲ ತೀರಿಸುವ ದಾರಿಯಿರಲಿಲ್ಲ. ದಿವಾಳಿಗಳ ಸಂಖ್ಯೆ ಎಷ್ಟಾಯಿತೆಂದರೆ ಅವರ ವ್ಯವಹಾರಗಳನ್ನು ಇತ್ಯರ್ಥಗೊಳಿಸಲು ಸರ್ಕಾರವು ಅದೇ ವರ್ಷ ಪ್ರತ್ಯೇಕ ಕಾಯಿದೆಯನ್ನು ತರಬೇಕಾಯಿತು.

2,850 ರೂಪಾಯಿಗಳವರೆಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರನ್ನು ಮುಂದೆ 87 ರೂಪಾಯಿಗೆ ಮಾರಬೇಕಾಯಿತು. ಬ್ಯಾಂಕು ಮುಚ್ಚಿ 1868ರಲ್ಲಿ ಅದೇ ಹೆಸರಿನ ಹೊಸ ಬ್ಯಾಂಕು ಹುಟ್ಟಿತು. ಅದೇ ವರ್ಷ ಸರ್ ಚಾರ್ಲ್ಸ್ ಜಾಕ್ಸನ್ನರ ಅಧ್ಯಕ್ಷತೆಯಲ್ಲಿ ನೇಮಕವಾದ ವಿಚಾರಣಾ ಆಯೋಗವು 1863ರ ಕಾಯಿದೆಯ ಸಡಿಲಿಕೆ, ಕಾರ್ಯದರ್ಶಿಗಳ ಅಧಿಕಾರ ದುರುಪಯೋಗ, ನಿರ್ದೇಶಕರ ಅಲಕ್ಷ್ಯ ಇವುಗಳನ್ನು ಪತನದ ಕಾರಣಗಳಲ್ಲಿ ಎಣಿಸಿತು. 1864ರ ಜನಗಣತಿಯಲ್ಲಿ 8,16,562 ಇದ್ದ ಮುಂಬಯಿಯ ಜನಸಂಖ್ಯೆ 1872ರಲ್ಲಿ 6,44,405ಕ್ಕೆ ಇಳಿಯಿತು. ಸಂಪತ್ತನ್ನು ಅರಸಿ ಬಂದವರು ಊರು ಬಿಟ್ಟದ್ದು ಇದಕ್ಕೆ ಒಂದು ಮುಖ್ಯ ಕಾರಣ. ಈ ಅಂಕಿಗಳ ಹಿಂದೆ ಗುಮಾಸ್ತರಿದ್ದಾರೆ, ಸಣ್ಣ ಅಂಗಡಿಕಾರರಿದ್ದಾರೆ, ಪಿಂಚಣಿದಾರರಿದ್ದಾರೆ. ಅವರಲ್ಲಿ ಬಹುಮಂದಿ ಬ್ಯಾಕ್ ಬೇಯ ನಕ್ಷೆಯನ್ನು ಕಂಡವರಲ್ಲ; "ಅವರು ಹೇಳಿದರು, ನಾವು ಕೊಂಡೆವು" ಎನ್ನುವವರು.

ನಮ್ರತೆ: ದ್ರವ್ಯ, ಕ್ಷೇತ್ರ, ಕಾಲ, ಭಾವ

ಹಾಗಾದರೆ ಪ್ರೇಮಚಂದರ ಸಲಹೆಯಲ್ಲಿ ಇದ್ದ ದೋಷವಾದರೂ ಯಾವುದು? ಷೇರು ಏರುತ್ತದೆಂದು ಅವರು 1863ರಲ್ಲಿ ಹೇಳಿದ್ದರೆ ಅದು ನಿಜವೇ ಆಗಿತ್ತು, ಏರಿತು ಕೂಡ. ಆ ನಿಜಕ್ಕೆ ಒಂದು ಮೇರೆಯಿದೆ ಎಂಬುದನ್ನು ಹೇಳುವವರೂ ಕೇಳುವವರೂ ಮರೆತದ್ದೇ ದೋಷ.

ಯಾವ ವಸ್ತುವನ್ನು ಕುರಿತಾದರೂ ಮಾತನಾಡುವಾಗ ದ್ರವ್ಯ, ಕ್ಷೇತ್ರ, ಕಾಲ, ಭಾವಗಳೆಂಬ ನಾಲ್ಕರ ಅಪೇಕ್ಷೆಯಿಂದ ಮಾತನಾಡಬೇಕೆಂದು ನಮ್ಮ ನ್ಯಾಯಶಾಸ್ತ್ರ ಹೇಳುತ್ತದೆ. 'ಸ್ಯಾತ್' ಎಂಬ ಪದದ ಅರ್ಥವು ಇದೇ: ಇಂತಹ ಒಂದು ಅಪೇಕ್ಷೆಯಿಂದ ಇದು ಸತ್ಯ. ಅದನ್ನು ಸಂಶಯವೆಂದು ತಿಳಿಯುವುದು ತಪ್ಪು. ಪಂಡಿತರ ಚರ್ಚೆಗೆ ಮೀಸಲೆಂದು ನಾವು ಬದಿಗಿಟ್ಟಿರುವ ಈ ತತ್ತ್ವವು ವ್ಯಾಪಾರಿಯ ಗದ್ದಿಗೆಯ ಮೇಲೆ ದಿನವೂ ಉಪಯೋಗಕ್ಕೆ ಬರುವಂಥದು.

ದ್ರವ್ಯದ ಅಪೇಕ್ಷೆಯಿಂದ ನೋಡಿದರೆ, ಹಣ ಯಾರದು ಎಂಬುದೇ ಮೊದಲ ಪ್ರಶ್ನೆ. ಲಕ್ಷಾಂತರದ ಒಡೆಯನಿಗೆ 5,000 ರೂಪಾಯಿಯ ಷೇರು ಒಂದು ಪ್ರಯೋಗ. ಗುಮಾಸ್ತನಿಗೆ ಅದು ಜೀವಮಾನದ ಗಳಿಕೆಗಿಂತ ಹೆಚ್ಚು. ಮಾತು ಒಂದೇ ಆದರೂ ಒಬ್ಬನಿಗೆ ಹಿತವಾದುದು ಇನ್ನೊಬ್ಬನಿಗೆ ವಿಷವಾಗುತ್ತದೆ. ಕ್ಷೇತ್ರದ ಅಪೇಕ್ಷೆಯಿಂದ ನೋಡಿದರೆ, ಮುಂಬಯಿಯ ಬೆಲೆಯನ್ನು ನಿರ್ಧರಿಸುತ್ತಿದ್ದುದು ಮುಂಬಯಿ ಆಗಿರಲೇ ಇಲ್ಲ; ಅದು ಸಮುದ್ರದಾಚೆಯ ರಣರಂಗವಾಗಿತ್ತು. ಕಾಲದ ಅಪೇಕ್ಷೆಯಿಂದ ನೋಡಿದರೆ, ಯುದ್ಧ ನಡೆಯುವವರೆಗೆ ಸತ್ಯವಾಗಿದ್ದ ಮಾತು ಯುದ್ಧ ಮುಗಿದ ದಿನವೇ ಅಸತ್ಯವಾಯಿತು. ಭಾವದ ಅಪೇಕ್ಷೆಯಿಂದ ನೋಡಿದರೆ, ಲೋಭದಲ್ಲಿರುವವನು 'ಬಹುಶಃ' ಎಂಬ ಮಾತನ್ನು 'ಖಂಡಿತ' ಎಂದೇ ಕೇಳಿಸಿಕೊಳ್ಳುತ್ತಾನೆ. ಭಯದಲ್ಲಿರುವವನು 'ಕಾದು ನೋಡಿ' ಎಂಬುದನ್ನು 'ಮಾರಿ ಓಡಿ' ಎಂದು ಕೇಳಿಸಿಕೊಳ್ಳುತ್ತಾನೆ. ಆದುದರಿಂದ ಹೇಳುವವನು ತನ್ನ ಮಾತಿನ ಅರ್ಥವನ್ನಷ್ಟೇ ಅಲ್ಲದೆ, ಅದು ಎಂತಹ ಕಿವಿಯನ್ನು ಸೇರುತ್ತಿದೆ ಎಂಬುದನ್ನೂ ತೂಗಬೇಕಾಗುತ್ತದೆ.

ಸಲಹೆಗಾರನ ನಮ್ರತೆಯೆಂದರೆ ಈ ನಾಲ್ಕು ಮೇರೆಗಳನ್ನು ಬಾಯಿಬಿಟ್ಟು ಹೇಳುವುದು. "ನಾನೇನು ಬಲ್ಲೆ, ನಾನು ಅಲ್ಪನು" ಎಂದು ಕೈಮುಗಿದು, ಮರುಕ್ಷಣವೇ ಕಂಪನಿಯ ಹೆಸರನ್ನು ಪಿಸುಗುಟ್ಟುವುದು ನಮ್ರತೆಯ ವೇಷ ಮಾತ್ರ. "ನನಗೆ ತಿಳಿದದ್ದು ಇಷ್ಟು, ಇದು ಇಂದಿನ ಮಾತು, ನನ್ನ ಬಳಿಯೂ ಈ ಷೇರುಗಳಿವೆ, ತಪ್ಪಿದರೆ ಇಷ್ಟು ನಷ್ಟವಾಗಬಹುದು" ಎಂದು ಸ್ಪಷ್ಟವಾಗಿ ಹೇಳುವವನೇ ನಿಜವಾಗಿ ನಮ್ರನು.

ಅನುಕಂಪ: ಮೊದಲು ಕೇಳುವುದು, ಆಮೇಲೆ ಕೈಹಿಡಿಯುವುದು

ನಮ್ರತೆಯಿಂದ ಮಾತು ಶುದ್ಧವಾಗುತ್ತದೆ. ಅನುಕಂಪದಿಂದ ಅದು ಹಿತವಾಗುತ್ತದೆ. ಅನುಕಂಪದ ಮೊದಲ ಕಾರ್ಯ ಕೇಳುವುದು. ವೈದ್ಯನು ನಾಡಿ ಹಿಡಿಯದೆ ಔಷಧ ಕೊಡುವುದಿಲ್ಲ. ಎದುರಿನವನಿಗೆ ಸಾಲವಿದೆಯೆ, ಮನೆಯಲ್ಲಿ ಕಾಯಿಲೆಯವರಿದ್ದಾರೆಯೆ, ಈ ಹಣ ಯಾವ ವರ್ಷ ಬೇಕಾಗುತ್ತದೆ ಎಂದು ತಿಳಿಯದೆ ಕೊಟ್ಟ ಸಲಹೆಯು ಎಷ್ಟೇ ವಿದ್ವತ್ಪೂರ್ಣವಾಗಿದ್ದರೂ ಅದು ಕುರುಡು ಬಾಣ.

ಅದರ ಎರಡನೆಯ ಕಾರ್ಯ ಬರುವುದು ನಷ್ಟವಾದ ಮೇಲೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ ಮತ್ತು ಸ್ಥಿತಿಕರಣಗಳೆಂಬ ಎರಡಿವೆ. ಧರ್ಮಮಾರ್ಗದಲ್ಲಿ ಎಡವಿದವನ ದೋಷವನ್ನು ಹತ್ತು ಮಂದಿಯ ಮುಂದೆ ಎತ್ತಿ ಆಡದಿರುವುದು ಉಪಗೂಹನ. ಜಾರುತ್ತಿರುವವನನ್ನು ಮತ್ತೆ ನೆಲೆಗೆ ನಿಲ್ಲಿಸುವುದು ಸ್ಥಿತಿಕರಣ. ಈ ಗುಣಗಳು ಹಣ ಕಳೆದುಕೊಂಡವನ ವಿಷಯದಲ್ಲಿಯೂ ಅಷ್ಟೇ ಸಲ್ಲುತ್ತವೆ. "ನಾನು ಆಗಲೇ ಹೇಳಿರಲಿಲ್ಲವೆ?" ಎಂಬ ಮಾತು ಸತ್ಯವಿರಬಹುದು, ಆದರೆ ಅದು ಹೇಳುವವನ ಮಾನಕಷಾಯವನ್ನು ತಣಿಸುವುದಲ್ಲದೆ ಕೇಳುವವನಿಗೆ ಒಂದು ಬಿಡಿಗಾಸನ್ನೂ ಮರಳಿ ಕೊಡಿಸುವುದಿಲ್ಲ. ಹೀಗೆ ಅವಮಾನಕ್ಕೊಳಗಾದವನು ಮುಂದಿನ ಬಾರಿ ನಷ್ಟವನ್ನು ಮನೆಯವರಿಂದಲೂ ಮುಚ್ಚಿಡುತ್ತಾನೆ. ಕಳೆದದ್ದನ್ನು ಒಮ್ಮೆಲೇ ಗಳಿಸಲು ಸಟ್ಟಾ ವ್ಯಾಪಾರಕ್ಕಿಳಿಯುತ್ತಾನೆ. ನಷ್ಟಕ್ಕಿಂತ ದೊಡ್ಡ ಅನಾಹುತಗಳು ಸಂಭವಿಸುವುದು ಇಂತಹ ಒಂಟಿತನದಲ್ಲಿಯೇ. ಉಳಿದ ಹಣವೆಷ್ಟು, ತೀರಿಸಬೇಕಾದ ಸಾಲವೆಷ್ಟು ಎಂದು ಅವನೊಡನೆ ಕುಳಿತು ಲೆಕ್ಕ ಮಾಡುವ ಒಬ್ಬ ಬಂಧುವು ಹತ್ತು ಮಂದಿ ಪಂಡಿತರಿಗಿಂತ ಮೇಲು.

ಪ್ರೇಮಚಂದರನ್ನು ಇತಿಹಾಸವು ಇದೇ ಬಗೆಯಲ್ಲಿ ನಡೆಸಿಕೊಂಡಿತೆನ್ನಬೇಕು. ವೈಭವದ ದಿನಗಳಲ್ಲಿ, 1864ರಲ್ಲಿ, ಅವರು ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಗ್ರಂಥಾಲಯಕ್ಕಾಗಿ 2 ಲಕ್ಷವನ್ನೂ ಗಡಿಯಾರ ಗೋಪುರಕ್ಕಾಗಿ 2 ಲಕ್ಷವನ್ನೂ ದಾನ ಮಾಡಿದ್ದರು. 1878ರಲ್ಲಿ ಪೂರ್ಣಗೊಂಡ ಆ ಗೋಪುರಕ್ಕೆ ಅವರ ತಾಯಿ ರಾಜಾಬಾಯಿಯ ಹೆಸರಿದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಿಯಮವುಳ್ಳ, ದೃಷ್ಟಿ ಕಳೆದುಕೊಂಡಿದ್ದ ಆ ತಾಯಿಗೆ ಗಂಟೆಯ ಧ್ವನಿಯಿಂದ ಹೊತ್ತು ತಿಳಿಯಲೆಂದು ಮಗ ಅದನ್ನು ಕಟ್ಟಿಸಿದನೆಂಬ ಕಥೆ ಜನಜನಿತವಾಗಿದೆ. ಕುಸಿತದ ಅನಂತರ ನಾಲ್ಕು ದಶಕ ಬದುಕಿ, ಮತ್ತೆ ವ್ಯಾಪಾರ ಮಾಡಿ, 1906ರಲ್ಲಿ ಅವರು ತೀರಿಕೊಂಡರು. ಅವರ ದೋಷವನ್ನು ವಿಚಾರಣಾ ವರದಿ ದಾಖಲಿಸಿದೆ. ಅವರ ಗುಣವನ್ನು ಗೋಪುರ ಸಾರುತ್ತಿದೆ. ಎರಡನ್ನೂ ಒಟ್ಟಿಗೆ ಕಾಣುವುದೇ ಅನೇಕಾಂತ ದೃಷ್ಟಿ.

ಕಾನೂನಿನ ಮೇರೆ ಮತ್ತು ವ್ರತದ ಮೇರೆ

ಕುಸಿತದಿಂದ ಪೇಟೆಯೂ ಪಾಠ ಕಲಿಯಿತು. ಆಲದ ಮರದ ಕೆಳಗೆ ಸೇರುತ್ತಿದ್ದ ದಲ್ಲಾಳಿಗಳು 1875ರ ಜುಲೈ 9ರಂದು ದೇಶೀ ಷೇರು ದಲ್ಲಾಳಿಗಳ ಸಂಘವನ್ನು ಕಟ್ಟಿಕೊಂಡರು. ಇಂದಿನ ಮುಂಬಯಿ ಷೇರು ವಿನಿಮಯ ಕೇಂದ್ರದ ಮೂಲ ಅದು. ಆದರೆ ಸಲಹೆ ಕೊಡುವವನಿಗೇ ಪ್ರತ್ಯೇಕ ನಿಯಮ ಬರಲು ಇನ್ನೂ 138 ವರ್ಷ ಬೇಕಾಯಿತು. 1992ರಲ್ಲಿ ಶಾಸನಬದ್ಧ ಅಧಿಕಾರ ಪಡೆದ ಸೆಬಿ ಮಂಡಳಿಯು 2013ರಲ್ಲಿ ಹೂಡಿಕೆ ಸಲಹೆಗಾರರ ನಿಯಮಾವಳಿಯನ್ನು ಹೊರಡಿಸಿತು. ಸಲಹೆಗಾರನು ನೋಂದಣಿ ಮಾಡಿಸಿಕೊಳ್ಳಬೇಕು. ಗ್ರಾಹಕನ ವಯಸ್ಸು, ಆದಾಯ, ಸಾಲ, ಉದ್ದೇಶ, ನಷ್ಟವನ್ನು ತಾಳುವ ಶಕ್ತಿ ಇವುಗಳನ್ನು ಮೊದಲು ವಿಚಾರಿಸಬೇಕು. ತನ್ನ ಸ್ವಾರ್ಥವೇನಾದರೂ ಅಡಗಿದ್ದರೆ ಬಹಿರಂಗಪಡಿಸಬೇಕು. ದ್ರವ್ಯಾದಿ ನಾಲ್ಕು ಅಪೇಕ್ಷೆಗಳನ್ನೇ ಕಾನೂನು ತನ್ನ ಭಾಷೆಯಲ್ಲಿ ಬರೆದಂತಿದೆ.

ಆದರೂ ಒಂದು ಅಂತರ ಉಳಿದಿದೆ. ಈ ನಿಯಮಾವಳಿಯು ಪ್ರತಿಫಲ ಪಡೆದು ಸಲಹೆ ಕೊಡುವವರಿಗೆ ಸಂಬಂಧಿಸಿದುದು. ಪುಕ್ಕಟೆಯಾಗಿ, ಸ್ನೇಹದಿಂದ, ಬಾಂಧವ್ಯದಿಂದ ಕೊಡುವ ಸಲಹೆ ಅದರ ಕೈಗೆ ಸಿಕ್ಕುವುದಿಲ್ಲ. ನಮ್ಮಲ್ಲಿ ಬಹುಪಾಲು ಸಲಹೆಗಳು ಇಂತಹವೇ. ಅದರ ಪರಿಣಾಮವೂ ಸಣ್ಣದಲ್ಲ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರುಗಳ ವಾಯಿದೆ ಹಾಗೂ ಆಯ್ಕೆ ವ್ಯಾಪಾರಕ್ಕಿಳಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದರೆಂದೂ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತೆಂದೂ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಇವರೆಲ್ಲರೂ ಒಬ್ಬೊಬ್ಬರೇ ಯೋಚಿಸಿ ಇಳಿದವರೆಂದು ನಂಬುವುದು ಕಷ್ಟ. ಗೆದ್ದವರೊಬ್ಬರ ಮಾತು ಎಲ್ಲಿಯೋ ಅವರ ಕಿವಿಗೆ ಬಿದ್ದಿರಲೇಬೇಕು. ಸೋತ 93 ಮಂದಿ ಮೌನವಾಗಿದ್ದು, ಗೆದ್ದ 7 ಮಂದಿ ಮಾತ್ರ ಮಾತನಾಡಿದರೆ ಕೇಳುವವನಿಗೆ ಲೋಕವೆಲ್ಲ ಗೆದ್ದಂತೆಯೇ ತೋರುತ್ತದೆ.

ಕಾನೂನು ನಿಲ್ಲುವಲ್ಲಿ ವ್ರತದ ಕೆಲಸ ಆರಂಭವಾಗುತ್ತದೆ. ಪುಕ್ಕಟೆ ಸಲಹೆಯನ್ನು ಕಾಯುವ ಅಧಿಕಾರಿ ಯಾರೂ ಇಲ್ಲ. ಶ್ರಾವಕನ ಸತ್ಯಾಣುವ್ರತವೊಂದೇ ಅದನ್ನು ಕಾಯಬೇಕು. ಕೇಳದವರಿಗೆ ಹೇಳದಿರೋಣ. ಕೇಳಿದವರನ್ನು ಮೊದಲು ಅವರ ಸ್ಥಿತಿಗತಿಯನ್ನು ಕುರಿತು ಕೇಳೋಣ. ನಮ್ಮ ಗೆಲುವನ್ನು ಹೇಳುವ ಸಂದರ್ಭ ಬಂದರೆ ನಮ್ಮ ಸೋಲನ್ನೂ ಜೊತೆಗಿಟ್ಟು ಹೇಳೋಣ. ಆ ಷೇರಿನಲ್ಲಿ ನಮ್ಮ ಹಣವೂ ಇದ್ದರೆ ಮರೆಮಾಚದಿರೋಣ. ಮಾತು ತಪ್ಪಿದ ದಿನ ಅವರ ಮನೆಯ ಬಾಗಿಲಿಗೆ ನಾವಾಗಿಯೇ ಹೋಗೋಣ. ಹೀಗೆ ಹೋಗಬಲ್ಲೆನೆಂಬ ಧೈರ್ಯವಿಲ್ಲದವನು ಆ ಸಲಹೆಯನ್ನು ಕೊಡದೆ ಮೌನವಾಗಿರುವುದೇ ಲೇಸು. ಹಣವಿಲ್ಲದವನು ಜಾಮೀನು ನಿಲ್ಲಬಾರದೆಂಬುದು ಪೇಟೆಯ ನ್ಯಾಯ. ಸಲಹೆಗೂ ಅದೇ ನ್ಯಾಯ ಸಲ್ಲುತ್ತದೆ.